ಬಿಟ್ಟ ರೀಲು

ಹದಿನೆಂಟು ವರ್ಷ ನಾನು ಒಂದು ಸಿನಿಮಾವನ್ನು ಬಾಯ್ತುಂಬ ಹೊಗಳಿಕೊಂಡು ಓಡಾಡಿದೆ. ಅದರ ಕೊನೆಯ ದೃಶ್ಯವನ್ನು ನಾನು ನೋಡಿರಲಿಲ್ಲ.

ಸಿನಿಮಾ ಫ್ರೆಂಚಿನದು, ಹೆಸರು ‘ಬೋ ತ್ರವಾಯ್’. ‘ಭೇಷ್, ಒಳ್ಳೇ ಕೆಲಸ’ ಅನ್ನುವಂಥ ಅರ್ಥ. ಬೆನ್ನು ತಟ್ಟುವಾಗಲೂ ಹೇಳಬಹುದು, ಯಾರಾದರೂ ಕೆಲಸ ಕೆಡಿಸಿದಾಗ ಹಲ್ಲು ಕಡಿದುಕೊಂಡೂ ಹೇಳಬಹುದು. 1999ರ ಚಿತ್ರ. ನಾನು ಅದನ್ನು ನೋಡಿದ್ದು, ಅಂದರೆ ಮುಕ್ಕಾಲಿಗಿಂತ ಹೆಚ್ಚು ನೋಡಿದ್ದು, 2004ರಲ್ಲಿ, ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಹದಿನೈದು ತುಂಬಿದ್ದವು. ಡಿವಿಡಿ ಎರಡು ಸಲ ಸಿಕ್ಕಿಹಾಕಿಕೊಂಡಿತು, ಕರೆಂಟು ಒಂದು ಸಲ ಹೋಯಿತು. ನನ್ನ ರೂಮು ಕೆಂಗೇರಿಯ ಆಚೆ. ಮೆಜೆಸ್ಟಿಕ್ಕಿನಿಂದ ಕೊನೆಯ ಬಸ್ಸು ತಪ್ಪಿದರೆ ಆಟೋಗೆ ಕೊಡಲು ಜೇಬಿನಲ್ಲಿ ಕಾಸಿಲ್ಲ. ತೆರೆಯ ಮೇಲೆ ಗಲೂಪ್ ಎಂಬ ಮಾಜಿ ಸೈನಿಕ ಮಾರ್ಸೇಯ್ ನಗರದ ತನ್ನ ರೂಮಿನಲ್ಲಿ ಹಾಸಿಗೆಯನ್ನು ಒಂದೂ ಸುಕ್ಕಿಲ್ಲದಂತೆ ಎಳೆದು, ಅಂಚು ಮಡಿಸಿ, ಅದರ ಮೇಲೆ ಅಂಗಾತ ಮಲಗಿದ. ಕೈಯಲ್ಲಿ ಪಿಸ್ತೂಲು. ಮುಗೀತು, ಹಾರಿಸಿಕೊಳ್ಳುತ್ತಾನೆ ಅಂದುಕೊಂಡೆ. ಕುರ್ಚಿ ಸದ್ದು ಮಾಡದಂತೆ ಎದ್ದು ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾವುದೋ ಡಿಸ್ಕೋ ಹಾಡು ಕೇಳಿಸಿತು. ಪಕ್ಕದ ಛತ್ರದಲ್ಲಿ ಮದುವೆ ರಿಸೆಪ್ಷನ್ ಇರಬೇಕು ಅಂದುಕೊಂಡೆ.

ಬಸ್ಸು ಸಿಕ್ಕಿತು.

ಆಗ ನನಗೆ ಮೂವತ್ತೊಂದು ವರ್ಷ. ಗಾಂಧಿನಗರದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್. ಕ್ಲ್ಯಾಪ್ ಹೊಡೆಯುವುದು, ಕಂಟಿನ್ಯೂಟಿ ಬರೆದುಕೊಳ್ಳುವುದು, ಜೂನಿಯರ್ ಆರ್ಟಿಸ್ಟ್‌ಗಳಿಗೆ ತಿಂಡಿ ಬಂತೋ ಇಲ್ಲವೋ ನೋಡುವುದು ನನ್ನ ಕೆಲಸ. ಸಂಜೆಯಾದರೆ ನಮ್ಮಂಥ ಏಳೆಂಟು ಮಂದಿ ಟೀ ಅಂಗಡಿಯ ಮುಂದೆ ಸೇರುತ್ತಿದ್ದೆವು. ನಾವು ಕೆಲಸ ಮಾಡುತ್ತಿದ್ದ ಸಿನಿಮಾಗಳ ಬಗ್ಗೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನೋಡಿದ, ನೋಡಬೇಕಾದ, ನೋಡಿದಂತೆ ನಟಿಸಬೇಕಾದ ಸಿನಿಮಾಗಳ ಬಗ್ಗೆ ಮಾತು. ವಿಮ್ ವೆಂಡರ್ಸ್, ಜಿಮ್ ಜಾರ್ಮುಶ್ ನಮ್ಮ ದೇವರುಗಳು. ಆ ಇಬ್ಬರಿಗೂ ಅಸಿಸ್ಟೆಂಟ್ ಆಗಿದ್ದ ಒಬ್ಬ ಹೆಂಗಸು ಇದ್ದಾಳೆ, ಈಗ ದೇವರುಗಳೇ ಅವಳಿಗೆ ಕೈಮುಗಿಯುತ್ತಾರೆ ಎಂದು ಯಾರೋ ಹೇಳಿದರು. ನನ್ನ ಕಿವಿ ನಿಂತದ್ದು ‘ಅಸಿಸ್ಟೆಂಟ್’ ಅನ್ನುವ ಪದಕ್ಕೆ.

ಆಕೆ ಕ್ಲೇರ್ ದೆನಿ. ಹೆಸರಿನ ಕೊನೆಯ ಎಸ್ ಅನ್ನು ಫ್ರೆಂಚರು ಉಚ್ಚರಿಸುವುದಿಲ್ಲ. ಅವರ ಬಾಯಲ್ಲಿ ಅದು ನಮ್ಮ ‘ದನಿ’ಗೆ ತೀರ ಹತ್ತಿರ ಬರುತ್ತದೆ. ನಾನು ಮೊದಮೊದಲು ‘ಡೆನಿಸ್’ ಅನ್ನುತ್ತಿದ್ದೆ. ಫ್ರೆಂಚ್ ಕಲಿಯುತ್ತಿದ್ದ ಹುಡುಗಿಯೊಬ್ಬಳು ಎಲ್ಲರೆದುರು ತಿದ್ದಿದಾಗ, ‘ಗೊತ್ತಮ್ಮಾ, ಇವರಿಗೆಲ್ಲ ಅರ್ಥ ಆಗಲಿ ಅಂತ ಹಾಗೆ ಅಂದೆ’ ಎಂದು ತಪ್ಪಿಸಿಕೊಂಡೆ. ಗಾಂಧಿನಗರದ ಭಾಷೆಯಲ್ಲಿ ಇದಕ್ಕೆ ರೀಲು ಬಿಡುವುದು ಅನ್ನುತ್ತಾರೆ.

ದೆನಿ ಹುಟ್ಟಿದ್ದು 1946ರಲ್ಲಿ, ಪ್ಯಾರಿಸ್ಸಿನಲ್ಲಿ. ಬೆಳೆದದ್ದು ಫ್ರಾನ್ಸಿನ ಆಫ್ರಿಕಾ ವಸಾಹತುಗಳಲ್ಲಿ. ತಂದೆ ಸರ್ಕಾರಿ ಅಧಿಕಾರಿ, ವರ್ಗವಾದ ಕಡೆಗೆಲ್ಲ ಸಂಸಾರವೂ ಹೊರಡುತ್ತಿತ್ತು. ಕ್ಯಾಮರೂನ್, ಜಿಬೂಟಿ ಹೀಗೆ. ಪ್ಯಾರಿಸ್ಸಿನ ಸಿನಿಮಾ ಶಾಲೆಯಲ್ಲಿ ಓದಿ, ಆಮೇಲೆ ವರ್ಷಗಟ್ಟಲೆ ಬೇರೆಯವರ ಸೆಟ್‌ಗಳಲ್ಲಿ ದುಡಿದರು. ಝಾಕ್ ರಿವೆತ್, ದುಶಾನ್ ಮಕವೆಯೆವ್, ಕೋಸ್ಟಾ ಗಾವ್ರಾಸ್, ‘ಪ್ಯಾರಿಸ್, ಟೆಕ್ಸಾಸ್’ ಮತ್ತು ‘ವಿಂಗ್ಸ್ ಆಫ್ ಡಿಸೈರ್’ನಲ್ಲಿ ವೆಂಡರ್ಸ್, ‘ಡೌನ್ ಬೈ ಲಾ’ದಲ್ಲಿ ಜಾರ್ಮುಶ್. ತಮ್ಮ ಮೊದಲ ಚಿತ್ರ ‘ಶೊಕೊಲಾ’ವನ್ನು 1988ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ತೆಗೆದುಕೊಂಡು ಹೋದಾಗ ಅವರ ವಯಸ್ಸು 42.

ಈ 42 ನನಗೆ ಎಷ್ಟು ಉಪಕಾರ ಮಾಡಿದೆ ಎಂದು ಹೇಳಿ ಮುಗಿಯದು. ಊರಿಗೆ ಹೋದಾಗ ಚಿಕ್ಕಪ್ಪ ‘ಏನಪ್ಪಾ, ಯಾವಾಗ ನಿಂದು ಡೈರೆಕ್ಷನ್ನು?’ ಅಂದರೆ, ‘ಕ್ಲೇರ್ ದೆನಿ ಅಂತ ಒಬ್ರು ಫ್ರಾನ್ಸ್‌ನಲ್ಲಿ, ನಲವತ್ತೆರಡಕ್ಕೆ ಮೊದಲ ಸಿನಿಮಾ ಮಾಡಿದ್ದು ಚಿಕ್ಕಪ್ಪ’ ಅನ್ನುತ್ತಿದ್ದೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ಒಮ್ಮೆ ಅಂದಿದ್ದೇನೆ. ಆ ಸಂಬಂಧ ಕೂಡಿಬರಲಿಲ್ಲ, ಅದು ಬೇರೆ ಮಾತು. ಮೂವತ್ತೈದಕ್ಕೆ ಅಂದೆ, ಮೂವತ್ತೊಂಬತ್ತಕ್ಕೆ ಅಂದೆ. 2015ರಲ್ಲಿ ನನಗೆ 42 ತುಂಬಿತು. ಆಮೇಲೆ ಆ ಉದಾಹರಣೆ ಕೊಡುವುದನ್ನು ಬಿಟ್ಟೆ. ಬಿಟ್ಟೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಚಿಕ್ಕಪ್ಪನೂ ಕೇಳುವುದನ್ನು ಬಿಟ್ಟಿದ್ದರು.

ಆ ಉದಾಹರಣೆಯಲ್ಲಿ ನಾನು ಮುಚ್ಚಿಟ್ಟ ಒಂದು ಸಂಗತಿಯಿದೆ. ‘ಶೊಕೊಲಾ’ ತಡವಾಗಿ ಬಂದರೂ ಕಾದು ಬಂದ ಸಿನಿಮಾ. ಕ್ಯಾಮರೂನಿನ ಒಂದು ಬಿಳಿಯರ ಮನೆ, ಫ್ರಾನ್ಸ್ ಎಂಬ ಹೆಸರಿನ ಪುಟ್ಟ ಹುಡುಗಿ, ಆ ಮನೆಯ ಆಳು ಪ್ರೋತೆ. ಇಸಾಕ್ ದ ಬಾಂಕೊಲೆ ಆ ಪಾತ್ರ ಮಾಡಿದ್ದಾರೆ. ಒಂದು ರಾತ್ರಿ ಅವನು ಜನರೇಟರಿನ ಕಾದ ಪೈಪಿನ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಹುಡುಗಿ ಬಿಸಿಯಿದೆಯಾ ಅನ್ನುತ್ತಾಳೆ. ಅವನ ಮುಖದಲ್ಲಿ ಏನೂ ಇಲ್ಲ. ಅವಳೂ ಕೈಯಿಡುತ್ತಾಳೆ, ಸುಟ್ಟುಕೊಳ್ಳುತ್ತಾಳೆ. ವಸಾಹತಿನ ಬಗ್ಗೆ ಒಂದು ಮಾತೂ ಇಲ್ಲದ ದೃಶ್ಯ. ಇಷ್ಟು ವರ್ಷ ಬೇರೆಯವರ ಸೆಟ್ಟಿನಲ್ಲಿ ಕಾಫಿ ಕುಡಿಯುತ್ತಾ ಆಕೆ ಈ ಪೈಪನ್ನು ಒಳಗೇ ಇಟ್ಟುಕೊಂಡಿದ್ದರು. ನನ್ನ ಒಳಗೆ ಯಾವ ಪೈಪೂ ಇರಲಿಲ್ಲ. 42 ಎಂಬ ಅಂಕಿ ಮಾತ್ರ ಇತ್ತು.

ಮತ್ತೆ ‘ಬೋ ತ್ರವಾಯ್’ ವಿಷಯಕ್ಕೆ ಬರುತ್ತೇನೆ. ಸಿನಿಮಾ ನೋಡಿದ ಮುಂದಿನ ವಾರ ಒಂದು ಸಣ್ಣ ಪತ್ರಿಕೆಗೆ ಅದರ ಬಗ್ಗೆ ಲೇಖನ ಬರೆದೆ. ಜಿಬೂಟಿಯ ಮರುಭೂಮಿಯಲ್ಲಿ ಫ್ರಾನ್ಸಿನ ‘ಫಾರಿನ್ ಲೀಜನ್’ ಪಡೆಯ ಸೈನಿಕರು, ಮೇಲಧಿಕಾರಿ ಫೋರೆಸ್ತಿಯೇ, ಅವನ ಮೆಚ್ಚುಗೆಗೆ ಹಪಹಪಿಸುವ ಗಲೂಪ್, ಹೊಸದಾಗಿ ಬಂದು ಎಲ್ಲರ ಮನಸ್ಸು ಗೆದ್ದ ಸೆಂತ್ಯಾ ಎಂಬ ಹುಡುಗ. ಗಲೂಪ್‌ಗೆ ಹೊಟ್ಟೆಕಿಚ್ಚು. ಕೆಟ್ಟ ದಿಕ್ಸೂಚಿ ಕೊಟ್ಟು ಹುಡುಗನನ್ನು ಉಪ್ಪಿನ ಬಯಲಿಗೆ ಅಟ್ಟುತ್ತಾನೆ. ಇದರ ಬೇರು ಹರ್ಮನ್ ಮೆಲ್ವಿಲ್‌ನ ‘ಬಿಲ್ಲಿ ಬಡ್’ ಎಂದು ಎಲ್ಲೋ ಓದಿದ್ದನ್ನೂ ಸೇರಿಸಿದೆ. ಲೇಖನದ ಕೊನೆಯ ಸಾಲಿನ ಸಾರಾಂಶ ಇಷ್ಟು: ಗಲೂಪ್ ಗುಂಡು ಹಾರಿಸಿಕೊಂಡು ಸಾಯುತ್ತಾನೆ, ಶಿಸ್ತು ಮನುಷ್ಯನನ್ನು ಕೊಲ್ಲುತ್ತದೆ. ಅಚ್ಚಾಯಿತು. ಮುನ್ನೂರು ರೂಪಾಯಿ ಮನಿ ಆರ್ಡರ್ ಬಂತು.

ಆ ಪತ್ರಿಕೆ ಓದುವವರು ಯಾರೂ ಆ ಸಿನಿಮಾ ನೋಡಿರಲಿಲ್ಲ. ಆ ಸಿನಿಮಾ ನೋಡಿದವರು ಯಾರೂ ಆ ಪತ್ರಿಕೆ ಓದುತ್ತಿರಲಿಲ್ಲ. ನಾನು ಉಳಿದುಕೊಂಡೆ.

ಆಮೇಲಿನ ವರ್ಷಗಳಲ್ಲಿ ದೆನಿ ನನಗೆ ಒಂದು ಗುರುತಿನ ಚೀಟಿಯಾದರು. ಅಡುಗೆಭಟ್ಟರು ತಾವು ಉಣ್ಣಬೇಕಾದಾಗ ಹುಡುಕಿಕೊಂಡು ಹೋಗುವ ಮನೆ ಅಂತ ಊರಿಗೊಂದು ಇರುತ್ತದಲ್ಲ, ಹಾಗೆ. ಮಲ್ಲಿಕಾರ್ಜುನ ಮನ್ಸೂರರನ್ನು ಸಂಗೀತಗಾರರ ಸಂಗೀತಗಾರ ಅನ್ನುತ್ತಿದ್ದರು. ದೆನಿಯನ್ನು ನಿರ್ದೇಶಕರ ನಿರ್ದೇಶಕಿ ಅನ್ನುತ್ತಾರೆ. ಇಂಥವರ ಹೆಸರು ಹೇಳಿದರೆ ಒಂದು ಅನುಕೂಲವಿದೆ. ನಿಮ್ಮನ್ನೂ ಒಳಗಿನವರೆಂದು ಎಣಿಸುತ್ತಾರೆ. ರಾಜ್‌ಕುಮಾರ್ ಇಷ್ಟ ಅಂದರೆ ನೀವು ಪ್ರೇಕ್ಷಕ. ದೆನಿ ಇಷ್ಟ ಅಂದರೆ ಅರ್ಧ ಡೈರೆಕ್ಟರ್. ಒಂದೇ ಒಂದು ಶಾಟ್ ತೆಗೆಯದೆ ನಾನು ಜಾರ್ಮುಶ್ ಕುಳಿತ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಿದ್ದೆ.

ಜಾರ್ಮುಶ್‌ನಂಥವರು ಅವರಲ್ಲಿ ಕಂಡದ್ದೇನು ಎಂದು ನಾನು ಆಗ ಯೋಚಿಸಿರಲೇ ಇಲ್ಲ. ಈಗ ಯೋಚಿಸಿದರೆ, ಕೆಲಸ ಗೊತ್ತಿದ್ದವರಿಗೆ ಮಾತ್ರ ಕಾಣುವ ಕೆಲವು ಧೈರ್ಯಗಳು ಅಲ್ಲಿವೆ. ಕ್ಯಾಮೆರಾಗೆ ಆನ್ಯೆಸ್ ಗೊದಾರ್. ವೆಂಡರ್ಸ್‌ನ ಸೆಟ್ಟಿನ ಕಾಲದ ಸ್ನೇಹ. ಬರವಣಿಗೆಗೆ ಝಾನ್ ಪೋಲ್ ಫಾರ್ಗೋ, ಸಂಕಲನಕ್ಕೆ ನೆಲ್ಲಿ ಕೆತಿಯೇ, 1996ರ ‘ನೆನೆತ್ ಎ ಬೋನಿ’ಯಿಂದ ಸಂಗೀತಕ್ಕೆ ಇಂಗ್ಲೆಂಡಿನ ಟಿಂಡರ್‌ಸ್ಟಿಕ್ಸ್ ತಂಡ. ದಶಕಗಳ ಕಾಲ ಹೆಚ್ಚುಕಡಿಮೆ ಇದೇ ಮನೆಮಂದಿ. ‘ಬೋ ತ್ರವಾಯ್’ನಲ್ಲಿ ಸೈನಿಕರ ಕವಾಯತನ್ನು ರೂಪಿಸಿದ್ದು ಬರ್ನಾರ್ಡೊ ಮೊಂತೆ ಎಂಬ ನೃತ್ಯ ಸಂಯೋಜಕ. ಆ ಗಂಡಸರು ಸಾಲಾಗಿ ನಿಂತು ಅಂಗಿಗೆ ಇಸ್ತ್ರಿ ಹಾಕುತ್ತಾರೆ, ಮಡಿಕೆ ಸರಿಯಾಗಿದೆಯೇ ಎಂದು ಬೆರಳಿನಲ್ಲಿ ನೋಡುತ್ತಾರೆ. ಯುದ್ಧವೇ ಇಲ್ಲದ ಸೈನ್ಯಕ್ಕೆ ಇಸ್ತ್ರಿಯೇ ಯುದ್ಧ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಸೆಟ್ಟಿನಲ್ಲಿ ಒಂದು ಇಸ್ತ್ರಿ ಶಾಟ್ ತೆಗೆದರೆ ಅದರ ಮೇಲೆ ಅಮ್ಮನ ವಾಯ್ಸ್ ಓವರ್ ಹಾಕದೆ ಬಿಡುವುದಿಲ್ಲ.

2009ರಲ್ಲಿ ನನಗೂ ಒಬ್ಬ ನಿರ್ಮಾಪಕರು ಸಿಕ್ಕಿದ್ದರು. ಹೆಸರು ಬೇಡ, ಅವರ ತಪ್ಪೇನೂ ಇಲ್ಲ. ಸಿಮೆಂಟ್ ವ್ಯಾಪಾರ ಮಾಡಿದ ಹಿರಿಯರು, ಸಿನಿಮಾ ಹುಚ್ಚು. ನನ್ನ ಸ್ಕ್ರಿಪ್ಟ್ ಹಾಸನದ ಕಡೆಯ ಎಸ್ಟೇಟೊಂದರ ಇಬ್ಬರು ಅಣ್ಣತಮ್ಮಂದಿರದು. ಕಥೆ ಓದಿ ಹೇಳುತ್ತಾ ಹೋದೆ. ಅವರು ಮಧ್ಯೆ ಕೈಯೆತ್ತಿ, ‘ಒಂದ್ನಿಮಿಷ ಕಣಪ್ಪಾ, ದೊಡ್ಡವನು ಮನೆ ಬಿಟ್ಟು ಯಾಕೆ ಹೋದ?’ ಅಂದರು. ‘ಅದನ್ನ ಹೇಳಲ್ಲ ಸಾರ್. ಪ್ರೇಕ್ಷಕನಿಗೆ ಬಿಟ್ಟಿದ್ದು.’ ‘ಸರಿ, ತಮ್ಮ ಕೊನೇಲಿ ಅಳೋದ್ಯಾಕೆ?’ ‘ಅದೂ ಬಿಟ್ಟಿದ್ದೀನಿ ಸಾರ್.’ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಫ್ರಾನ್ಸಿನಲ್ಲಿ ಕ್ಲೇರ್ ದೆನಿ ಅಂತ ಒಬ್ಬರಿದ್ದಾರೆ, ಅವರ ಸಿನಿಮಾದಲ್ಲಿ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ, ದೊಡ್ಡ ದೊಡ್ಡ ಡೈರೆಕ್ಟರುಗಳೆಲ್ಲ ಅವರನ್ನು ಗುರು ಅನ್ನುತ್ತಾರೆ ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, ತಟ್ಟೆಯಲ್ಲಿದ್ದ ಕೊನೆಯ ಬೋಂಡಾ ನನ್ನ ಕಡೆ ತಳ್ಳಿ ಅಂದರು: ‘ಬಿಟ್ಟಿದ್ದು ಸರಿ. ಏನು ಬಿಟ್ಟಿದೀಯ ಅಂತ ನಿನಗಾದ್ರೂ ಗೊತ್ತಾ?’

ನನಗೆ ಗೊತ್ತಿರಲಿಲ್ಲ. ದೊಡ್ಡವನು ಮನೆ ಬಿಟ್ಟು ಯಾಕೆ ಹೋದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ಹೊರಗೆ ಬಂದವನೇ ಟೀ ಅಂಗಡಿಯಲ್ಲಿ ನಿರ್ಮಾಪಕರನ್ನು ಗೇಲಿ ಮಾಡಿದೆ: ‘ಸಿಮೆಂಟ್ ಮಾರೋನಿಗೆ ದೆನಿ ಎಲ್ಲಿ ಅರ್ಥ ಆಗ್ಬೇಕು ಗುರೂ.’ ಎಲ್ಲರೂ ನಕ್ಕರು. ಇಷ್ಟು ವರ್ಷದಲ್ಲಿ ನನ್ನ ಸ್ಕ್ರಿಪ್ಟಿನ ಬಗ್ಗೆ ಕೇಳಿದ ಅತಿ ಒಳ್ಳೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅದು.

ಇನ್ನು ನಾನು ಯಾರಿಗೂ ಹೇಳದ ಸಂಗತಿ. ದೆನಿ ಅವರ ಸಿನಿಮಾಗಳಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಒಂದಿತ್ತು. ಅದರ ಬಗ್ಗೆ ಟೀ ಅಂಗಡಿಯ ಮುಂದೆ ನಾನು ಬಾಯಿ ಬಿಟ್ಟಿದ್ದೇ ಇಲ್ಲ.

2008ರ ‘35 ಶಾಟ್ಸ್ ಆಫ್ ರಮ್’. ನಾನು ನೋಡಿದ್ದು 2016ರಲ್ಲಿ, ಒಬ್ಬನೇ, ಲ್ಯಾಪ್‌ಟಾಪಿನಲ್ಲಿ, ಅಪ್ಪ ತೀರಿಕೊಂಡ ಮೂರು ತಿಂಗಳಿಗೆ. ಪ್ಯಾರಿಸ್ಸಿನ ಹೊರವಲಯದ ಅಪಾರ್ಟ್‌ಮೆಂಟು. ಲಿಯೊನೆಲ್ ಲೋಕಲ್ ಟ್ರೇನಿನ ಡ್ರೈವರ್, ಹೆಂಡತಿ ಇಲ್ಲ. ಮಗಳು ಝೋಸೆಫಿನ್ ಕಾಲೇಜು ಓದುತ್ತಿದ್ದಾಳೆ. ಇಬ್ಬರೇ ಇರುತ್ತಾರೆ. ಸಿನಿಮಾ ಶುರುವಾಗಿ ಬಹಳ ಹೊತ್ತು ಟ್ರೇನುಗಳು, ಹಳಿಗಳು, ಸಂಜೆ ಬೆಳಕು. ಮಗಳು ಮನೆಗೆ ಬರುತ್ತಾ ಅನ್ನ ಮಾಡುವ ಎಲೆಕ್ಟ್ರಿಕ್ ಕುಕ್ಕರ್ ಒಂದನ್ನು ಕೊಂಡು ತರುತ್ತಾಳೆ. ಅಪ್ಪನೂ ಅದೇ ದಿನ ಒಂದು ಕುಕ್ಕರ್ ತಂದಿರುತ್ತಾನೆ. ಅವಳು ತನ್ನದನ್ನು ಪೊಟ್ಟಣ ಬಿಚ್ಚದೆ ಎತ್ತಿಟ್ಟು, ಅಪ್ಪ ತಂದದ್ದರಲ್ಲಿ ಅನ್ನ ಮಾಡುತ್ತಾಳೆ. ಇಷ್ಟೇ. ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ. ಎಂದೋ ಒಂದು ದಿನ ಮಗಳು ಹೊರಡಬೇಕು, ಎರಡು ಮನೆಗೆ ಎರಡು ಕುಕ್ಕರ್ ಬೇಕಾಗುತ್ತದೆ ಎಂಬುದು ನಮಗೆ ತಡವಾಗಿ ಹೊಳೆಯುತ್ತದೆ. ಸಿನಿಮಾದ ಕೊನೆಯಲ್ಲಿ ಆ ಎರಡನೆಯ ಕುಕ್ಕರ್ ಹೊರಗೆ ಬರುತ್ತದೆ.

ಮಧ್ಯೆ ಒಂದು ರಾತ್ರಿ ಮಳೆಯಲ್ಲಿ ಕಾರು ಕೆಟ್ಟು ಎಲ್ಲರೂ ಒಂದು ಸಣ್ಣ ಕೆಫೆಯಲ್ಲಿ ಆಸರೆ ಪಡೆಯುತ್ತಾರೆ. ಕೊಮೊಡೋರ್ಸ್‌ನವರ ‘ನೈಟ್‌ಶಿಫ್ಟ್’ ಹಾಡು ಬರುತ್ತದೆ. ಅಪ್ಪ ಮಗಳು ಕುಣಿಯುತ್ತಾರೆ. ಮೇಲಿನ ಮನೆಯ ಹುಡುಗ ನೊಯೆ ಎದ್ದು ಬಂದು ಅವಳ ಕೈ ಹಿಡಿಯುತ್ತಾನೆ. ಅಪ್ಪ ಹಿಂದೆ ಸರಿಯುತ್ತಾನೆ. ಅಲೆಕ್ಸ್ ದೆಸ್ಕಾಸ್ ಎಂಬ ನಟನ ಮುಖವನ್ನು ಆಗ ನೋಡಬೇಕು. ಕನ್ಯಾದಾನ ಎಂದು ನಾವು ಮೂರು ದಿನ ಮಾಡುವುದನ್ನು ದೆನಿ ಒಂದು ಹಾಡಿನಲ್ಲಿ, ಒಂದೂ ಮಾತಿಲ್ಲದೆ ಮುಗಿಸಿದ್ದರು. ಈ ಕಥೆಗೆ ಎರಡು ಬೇರು. ಒಂದು, ದೆನಿಯ ತಾಯಿಯನ್ನು ಬ್ರೆಜಿಲ್‌ನಿಂದ ಬಂದ ಅವರ ತಂದೆ ಒಬ್ಬರೇ ಬೆಳೆಸಿದ್ದು. ಇನ್ನೊಂದು, ಓಝು 1949ರಲ್ಲಿ ಮಾಡಿದ ‘ಲೇಟ್ ಸ್ಪ್ರಿಂಗ್’. ಆ ಜಪಾನಿ ಸಿನಿಮಾವನ್ನು ದೆನಿ ತಾಯಿಗೆ ಕರೆದುಕೊಂಡು ಹೋಗಿ ತೋರಿಸಿದ್ದರಂತೆ.

ನಮ್ಮ ಅಮ್ಮ ಹೋದ ಮೇಲೆ ತುಮಕೂರಿನ ಮನೆಯಲ್ಲಿ ಅಪ್ಪ, ಅಕ್ಕ ಇಬ್ಬರೇ ಹನ್ನೊಂದು ವರ್ಷ ಇದ್ದರು. ಅಕ್ಕನಿಗೆ ಮದುವೆಯಾದದ್ದು ಮೂವತ್ತನಾಲ್ಕಕ್ಕೆ. ನಾನು ಆಗ ಯಾವುದೋ ಸಿನಿಮಾದ ಸಾಂಗ್ ಶೂಟಿಂಗಿನಲ್ಲಿದ್ದೆ. ಧಾರೆಗೆ ಬಂದು ರಾತ್ರಿಯೇ ಹೊರಟೆ. ಮುಂದಿನ ತಿಂಗಳು ಹೋದಾಗ ಒಲೆಯ ಮೇಲೆ ಸಣ್ಣ ಕುಕ್ಕರ್ ಇತ್ತು, ಇಬ್ಬರಿಗೂ ಸಾಲದು, ಒಬ್ಬರಿಗೆ ಸರಿ. ‘ದೊಡ್ಡದೆಲ್ಲಪ್ಪಾ?’ ಅಂದೆ. ‘ರಬ್ಬರ್ ಹೋಗಿತ್ತು’ ಅಂದರು. ನಾನು ಹೂಂ ಅಂದೆ. ಅಪ್ಪ ಹೋದ ಮೇಲೆ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಪೇಪರು ಸುತ್ತಿಟ್ಟ ದೊಡ್ಡ ಕುಕ್ಕರ್ ಸಿಕ್ಕಿತು. ಮುಚ್ಚಳ ತೆಗೆದು ನೋಡಿದೆ. ರಬ್ಬರ್ ಚೆನ್ನಾಗಿಯೇ ಇತ್ತು.

ನನ್ನ ಕೆಲಸದ ಹೆಸರು ಕಂಟಿನ್ಯೂಟಿ. ಹಿಂದಿನ ಶಾಟಿನಲ್ಲಿ ಲೋಟ ಎಡಗೈಯಲ್ಲಿತ್ತೋ ಬಲಗೈಯಲ್ಲೋ ಎಂದು ಹದಿನೈದು ವರ್ಷ ಬರೆದುಕೊಂಡವನು.

ಈ ಸಿನಿಮಾದ ಬಗ್ಗೆ ಯಾಕೆ ಯಾರ ಹತ್ತಿರವೂ ಮಾತಾಡಲಿಲ್ಲ? ಅಳು ಬಂದಿತ್ತು, ಅದಕ್ಕೆ. ಅಳು ಬಂತು ಅಂದರೆ ನಾನು ಮತ್ತೆ ಬರೀ ಪ್ರೇಕ್ಷಕನಾಗಿಬಿಡುತ್ತಿದ್ದೆ. ಅಲ್ಲದೆ ಕುಕ್ಕರಿನ ಕಥೆ ಹೇಳಿ ಯಾರ ಮುಂದೆ ಬುದ್ಧಿವಂತನಾಗುವುದು? ‘ಬೋ ತ್ರವಾಯ್’ ಅಂದರೆ ದೇಹ, ಅಧಿಕಾರ, ಮರುಭೂಮಿ, ಮೆಲ್ವಿಲ್. ಅರ್ಥವಾಗದ್ದನ್ನು ಜಗಲಿಗೆ ತಂದೆ, ಮುಟ್ಟಿದ್ದನ್ನು ಒಳಮನೆಯಲ್ಲಿ ಬಚ್ಚಿಟ್ಟೆ. ಆಮೇಲೆ ಗೊತ್ತಾಯಿತು, ಝೋಸೆಫಿನ್ ಪಾತ್ರ ಮಾಡಿದ ಮಾತಿ ದಿಯೋಪ್ ತಾವೇ ನಿರ್ದೇಶಕಿಯಾದರು. ‘ಅಟ್ಲಾಂಟಿಕ್ಸ್’ಗೆ 2019ರಲ್ಲಿ ಕಾನ್‌ನ ಗ್ರಾಂ ಪ್ರಿ, ‘ದಹೋಮೆ’ಗೆ 2024ರಲ್ಲಿ ಬರ್ಲಿನ್ನಿನ ಗೋಲ್ಡನ್ ಬೇರ್. ‘ಮೂನ್‌ಲೈಟ್’ ಮಾಡಿದ ಬ್ಯಾರಿ ಜೆಂಕಿನ್ಸ್ ತಮ್ಮ ಮೇಲೆ ದೆನಿಯ ಪ್ರಭಾವವಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಇವರೆಲ್ಲರೂ ಆಕೆಯನ್ನು ಮೆಚ್ಚಿ ಸಿನಿಮಾ ಮಾಡಿದರು. ನಾನು ಮೆಚ್ಚಿ ಟೀ ಕುಡಿದೆ.

ಇನ್ನೊಂದು ಕೆಟ್ಟ ಗುಣವನ್ನೂ ಹೇಳಿಬಿಡುತ್ತೇನೆ. 2022ರ ಮೇ ತಿಂಗಳಲ್ಲಿ, ಮೊದಲ ಚಿತ್ರದ ಮೂವತ್ತನಾಲ್ಕು ವರ್ಷಗಳ ನಂತರ, ದೆನಿ ಮತ್ತೆ ಕಾನ್ ಸ್ಪರ್ಧೆಗೆ ಬಂದರು. ‘ಸ್ಟಾರ್ಸ್ ಅಟ್ ನೂನ್’. ಎಷ್ಟೋ ವಿಮರ್ಶಕರು ಮೂಗು ಮುರಿದರು. ಆದರೆ ಜ್ಯೂರಿ ಅದಕ್ಕೆ ಗ್ರಾಂ ಪ್ರಿ ಕೊಟ್ಟಿತು, ಲುಕಾಸ್ ಧೋಂತ್‌ನ ‘ಕ್ಲೋಸ್’ ಜೊತೆ ಹಂಚಿ. ಜ್ಯೂರಿ ಅಧ್ಯಕ್ಷ ವಿನ್ಸೆಂಟ್ ಲಿಂಡನ್, ದೆನಿಯ ಮೂರು ಸಿನಿಮಾಗಳಲ್ಲಿ ನಟಿಸಿದವರು. ಅದರಲ್ಲಿ ಒಂದು ಅದೇ ವರ್ಷ ಬರ್ಲಿನ್ನಿನಲ್ಲಿ ಆಕೆಗೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ತಂದಿತ್ತು. ಇದನ್ನು ಓದಿದ ಕೂಡಲೇ ನನ್ನ ಬಾಯಿಂದ ಬಂದ ಮಾತು: ‘ಅಲ್ಲೂ ನಮ್ಮ ಥರಾನೇ ಕಣಯ್ಯಾ, ಅವರವರೇ ಹಂಚ್ಕೋತಾರೆ.’ ಹದಿನೆಂಟು ವರ್ಷ ನನ್ನ ಗುರು ಎಂದುಕೊಂಡವರ ಬಗ್ಗೆ! ಆ ಜ್ಯೂರಿಯಲ್ಲಿ ಒಂಬತ್ತು ಮಂದಿ ಇದ್ದರು. ಫರ್ಹಾದಿ, ಲಾಜ್ ಲೀ, ಜೆಫ್ ನಿಕೋಲ್ಸ್, ಯೋಕಿಮ್ ಟ್ರಿಯರ್ ನಾಲ್ವರೂ ಸ್ವತಃ ನಿರ್ದೇಶಕರು. 2006ರಲ್ಲಿ ‘ಐಶ್ವರ್ಯ’ ಎಂಬ ಕನ್ನಡ ಸಿನಿಮಾದಿಂದ ಬಣ್ಣ ಹಚ್ಚಿದ ನಮ್ಮ ಬೆಂಗಳೂರಿನ ದೀಪಿಕಾ ಪಡುಕೋಣೆಯೂ ಇದ್ದರು. ಇಷ್ಟು ಜನರನ್ನು ಒಬ್ಬ ಲಿಂಡನ್ ಬಗ್ಗಿಸಿದ ಎಂದು ನಂಬಲು ನನ್ನ ಬಳಿ ಯಾವ ಕಾರಣವೂ ಇರಲಿಲ್ಲ. ಜೊತೆಯವರು ಆಕೆಯನ್ನು ಇಷ್ಟು ಪ್ರೀತಿಸುವುದನ್ನು ಕಂಡು ಹೊಟ್ಟೆ ಉರಿದಿತ್ತು, ಅಷ್ಟೆ. ಗಲೂಪ್‌ನ ಕಾಯಿಲೆಯನ್ನು ಲೇಖನದಲ್ಲಿ ವಿವರಿಸಿದ್ದವನಿಗೆ ಅದು ತನ್ನ ಮೈಮೇಲೆ ಬಂದಾಗ ಗುರುತು ಸಿಗಲಿಲ್ಲ.

ಅದೇ ವರ್ಷದ ಡಿಸೆಂಬರ್ ಮೊದಲ ವಾರ. ಹತ್ತು ವರ್ಷಕ್ಕೊಮ್ಮೆ ಜಗತ್ತಿನ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುವ ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ಹೊಸ ಪಟ್ಟಿ ಬಂತು. ಸಾವಿರದ ಆರುನೂರಕ್ಕೂ ಹೆಚ್ಚು ವಿಮರ್ಶಕರು ಮತ ಹಾಕಿದ್ದರು. 2012ರಲ್ಲಿ 78ನೆಯ ಸ್ಥಾನದಲ್ಲಿದ್ದ ‘ಬೋ ತ್ರವಾಯ್’ ಈಗ 7ನೆಯದು. 480 ನಿರ್ದೇಶಕರು ಬೇರೆಯಾಗಿ ಮಾಡಿದ ಪಟ್ಟಿಯಲ್ಲೂ ಅದು ಮೇಲಿನ ಸಾಲಿನಲ್ಲಿತ್ತು. ನಮ್ಮ ಟೀ ಅಂಗಡಿಯಲ್ಲಿ ನನಗೆ ಒಂಥರಾ ಅಭಿನಂದನೆ. ‘ಸಾರ್ ಆವತ್ತೇ ಹೇಳಿದ್ರು’ ಅನ್ನುವವರು ಹೆಚ್ಚಾದರು. ಆಗ ಒಬ್ಬ ಹುಡುಗ, ಇಪ್ಪತ್ತಾರರವನು, ನನ್ನ ಕೈಕೆಳಗೆ ಕ್ಲ್ಯಾಪ್ ಹೊಡೆಯುವವನು, ಕೇಳಿದ: ‘ಸಾರ್, ಆ ಕೊನೇ ಡ್ಯಾನ್ಸ್ ಬಗ್ಗೆ ಹೇಳಿ ಸಾರ್. ಅದು ಸತ್ತ ಮೇಲಾ, ಮೊದಲಾ?’

ಯಾವ ಡ್ಯಾನ್ಸು?

‘ಅದನ್ನ ನೀನೇ ಯೋಚನೆ ಮಾಡ್ಬೇಕು ಕಣೋ’ ಅಂದೆ. ಬಾಯಿ ತಾನೇ ಆಡಿತು, ಅಷ್ಟು ಪಳಗಿತ್ತು. ಹುಡುಗ ತಲೆದೂಗಿದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಸಿನಿಮಾ ಹಾಕಿದೆ. ಹಾಸಿಗೆ, ಪಿಸ್ತೂಲು, ತೋಳಿನ ಮೇಲೆ ಮಿಡಿಯುವ ಒಂದು ನರ. ಆ ಮಿಡಿತದ ಮೇಲೇ ಸಣ್ಣಗೆ ತಾಳ ಶುರುವಾಗುತ್ತದೆ. ಇಟಲಿಯ ಕೊರೋನಾ ತಂಡದ ‘ದ ರಿದಮ್ ಆಫ್ ದ ನೈಟ್’. ಪಕ್ಕದ ಛತ್ರದ ರಿಸೆಪ್ಷನ್ ಹಾಡು.

ಆಮೇಲೆ ಗಲೂಪ್ ಒಂದು ಡಿಸ್ಕೋದಲ್ಲಿ ಒಬ್ಬನೇ. ಹಿಂದೆ ಕನ್ನಡಿಯ ಗೋಡೆ. ಕಪ್ಪು ಬಟ್ಟೆ, ಬಾಯಲ್ಲಿ ಸಿಗರೇಟು. ಮೊದಲು ಸುಮ್ಮನೆ ಸುಳಿದಾಡುತ್ತಾನೆ. ಒಂದು ಸುತ್ತು ತಿರುಗುತ್ತಾನೆ, ನಿಲ್ಲುತ್ತಾನೆ. ಆಮೇಲೆ ದೇಹ ಸ್ಫೋಟವಾದಂತೆ ಎಸೆದುಕೊಳ್ಳುತ್ತಾನೆ; ನೆಲಕ್ಕೆ ಬೀಳುತ್ತಾನೆ, ಉರುಳುತ್ತಾನೆ, ಎದ್ದು ಹೊರಟುಹೋಗುತ್ತಾನೆ. ಹೆಸರುಗಳು ಬರಲು ಶುರುವಾದ ಮೇಲೂ ಕುಣಿತ ಮುಗಿಯುವುದಿಲ್ಲ. ದೆನಿ ಲವಾಂ ಎಂಬ ಆ ನಟ ಇಡೀ ಸಿನಿಮಾ ಬಿಗಿಹಿಡಿದುಕೊಂಡಿದ್ದ ಮೈ ಅದು. ಒಂದೂವರೆ ಗಂಟೆ ಇಸ್ತ್ರಿ ಹಾಕಿದ ಅಂಗಿಯನ್ನು ಅವನು ಆ ನಾಲ್ಕು ನಿಮಿಷದಲ್ಲಿ ಹರಿದು ಹಾಕುತ್ತಾನೆ. ಸತ್ತನೋ ಇಲ್ಲವೋ ಎಂಬುದೇ ಅಲ್ಲಿ ಮುಖ್ಯವಲ್ಲದೆ ಹೋಗುತ್ತದೆ. ನಾನು ಅವನನ್ನು ಅಚ್ಚಿನಲ್ಲಿ ಕೊಂದು ಮುನ್ನೂರು ರೂಪಾಯಿ ತೆಗೆದುಕೊಂಡಿದ್ದೆ.

ರಾತ್ರಿಯೆಲ್ಲ ಕೂತು ದೆನಿ ಕೊಟ್ಟ ಸಂದರ್ಶನಗಳನ್ನು ಓದಿದೆ. ಚಿತ್ರಕಥೆಯಲ್ಲಿ ಆ ಕುಣಿತ ಪಿಸ್ತೂಲಿನ ದೃಶ್ಯಕ್ಕಿಂತ ಮುಂಚೆ ಇತ್ತಂತೆ. ಸಂಕಲನದ ಮೇಜಿನ ಮೇಲೆ ಆಕೆ ಅದನ್ನು ಎತ್ತಿ ಕೊನೆಗೆ ಇಟ್ಟರು, ಗಲೂಪ್ ತನ್ನಿಂದಲೇ ತಾನು ತಪ್ಪಿಸಿಕೊಳ್ಳಬಲ್ಲ ಎನಿಸಲೆಂದು. ಬರೆದಂತೆಯೇ ಜೋಡಿಸಿದ್ದರೆ ನಾನು 2004ರಲ್ಲೇ ಕುಣಿತ ನೋಡಿರುತ್ತಿದ್ದೆ, ಬಸ್ಸೂ ಸಿಗುತ್ತಿತ್ತು, ಲೇಖನದ ಕೊನೆಯ ಸಾಲೂ ಸರಿಯಾಗಿರುತ್ತಿತ್ತು. ಆದರೆ ಆಗ ಅದು 78ರಿಂದ 7ಕ್ಕೆ ಬರುತ್ತಿತ್ತೋ ಇಲ್ಲವೋ. ನಿರ್ದೇಶಕರು ಆಕೆಯ ಮುಂದೆ ತಲೆಬಾಗುವುದು ಇಂಥದ್ದಕ್ಕೆ ಇರಬೇಕು: ತಾನು ಬರೆದದ್ದನ್ನು ತಾನೇ ಮೀರಿ, ಒಂದು ತುಣುಕನ್ನು ಇಲ್ಲಿಂದ ಅಲ್ಲಿಗಿಟ್ಟು, ಸತ್ತವನನ್ನು ಎಬ್ಬಿಸುವುದಕ್ಕೆ. ಇದನ್ನು ಹೇಳಲು ನನಗೆ ಅಧಿಕಾರವಿಲ್ಲ. ನಾನು ಏನನ್ನೂ ಎಡಿಟ್ ಮಾಡಿದವನಲ್ಲ.

ಮರುದಿನ ಹುಡುಗನನ್ನು ಪಕ್ಕಕ್ಕೆ ಕರೆದು, ‘ನಿನ್ನೆ ನಾನು ರೀಲು ಬಿಟ್ಟೆ ಕಣೋ, ಆ ಡ್ಯಾನ್ಸ್ ನಾನು ನೋಡೇ ಇರಲಿಲ್ಲ’ ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ‘ನಾನು ಡ್ಯಾನ್ಸ್ ಅಷ್ಟೇ ನೋಡಿರೋದು ಸಾರ್, ಯೂಟ್ಯೂಬ್‌ನಲ್ಲಿ. ಉಳಿದಿದ್ದು ನೋಡಿಲ್ಲ’ ಅಂದ.

ಇಬ್ಬರದನ್ನೂ ಸೇರಿಸಿದರೆ ಒಂದು ಪೂರ್ತಿ ಸಿನಿಮಾ ಆಗುತ್ತಿತ್ತು. ಅವತ್ತಿನಿಂದ ತಿಂಗಳಿಗೊಂದು ಭಾನುವಾರ ಅವನು ನಮ್ಮ ಮನೆಗೆ ಬರುತ್ತಾನೆ. ‘ಶೊಕೊಲಾ’ ಮುಗಿಸಿದ್ದೇವೆ, ‘35 ಶಾಟ್ಸ್’ ಮುಗಿಸಿದ್ದೇವೆ. ಅದರಲ್ಲಿ ಕುಕ್ಕರ್ ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ, ಅವನು ಏನೂ ಕೇಳಲಿಲ್ಲ. ಕಳೆದ ತಿಂಗಳು ‘ಲ್ಯಾಂತ್ರ್ಯೂ’ ಹಾಕಿದೆವು. 2004ರ ಚಿತ್ರ; ಹೃದಯ ಬದಲಿ ಮಾಡಿಸಿಕೊಂಡ ತತ್ವಶಾಸ್ತ್ರಜ್ಞ ಝಾನ್ ಲುಕ್ ನಾನ್ಸಿ ಅದರ ಬಗ್ಗೆ ಬರೆದ ಪುಟ್ಟ ಪುಸ್ತಕದಿಂದ ಹೊರಟದ್ದು. ದೆನಿಯನ್ನು ಮೆಚ್ಚುವವರು ಬಹಳ ಎತ್ತರದಲ್ಲಿ ಇಡುವ ಸಿನಿಮಾ. ಮಧ್ಯಾಹ್ನ ಮುದ್ದೆ ಊಟ ಆಗಿತ್ತು. ಕಣ್ಣು ಬಿಟ್ಟಾಗ ತೆರೆಯ ಮೇಲೆ ಸಮುದ್ರವಿತ್ತು, ಅದು ಯಾವ ಸಮುದ್ರವೋ, ಅಲ್ಲಿಗೆ ಯಾಕೆ ಬಂದರೋ ತಿಳಿಯಲಿಲ್ಲ. ಸಿನಿಮಾ ಮುಗಿಯಿತು. ಹುಡುಗ ನೆಟ್ಟಗೆ ಕೂತು, ಕನ್ನಡಕ ಒರೆಸಿಕೊಂಡು ಕೇಳಿದ:

‘ಹೇಗಿತ್ತು ಸಾರ್?’

‘ನಿದ್ದೆ ಬಂತು ಕಣೋ.’

‘ನನಗೂ ಸಾರ್’ ಅಂದ. ‘ಎಲ್ಲಿಂದ ನೋಡಿಲ್ಲ ನೀವು? ಅಲ್ಲಿಂದ ಹಾಕ್ತೀನಿ.’